ಹೆಸರು ಬರೆದುಕೊಂಡು ಬಾ

ತಿಹಾರ್ ಜೈಲಿನ ಹುಡುಗರ ಕಥೆ ಓದದೇ ಇದ್ದಿದ್ದರೆ ಕುಲದೀಪ್ ನಯ್ಯರ್ ನನ್ನ ಪಾಲಿಗೆ ದೆಹಲಿಯ ಇನ್ನೊಬ್ಬ ದೊಡ್ಡ ಪತ್ರಕರ್ತರಾಗಿಯೇ ಉಳಿದುಬಿಡುತ್ತಿದ್ದರು. ತುರ್ತುಪರಿಸ್ಥಿತಿಯಲ್ಲಿ ಜೈಲು ಸೇರಿದವರು ಹೊರಬಂದು ಬರೆದ ಪುಸ್ತಕಗಳಿಗೆ ಆಗ ಬರವಿರಲಿಲ್ಲ. ನಯ್ಯರ್ ಅವರ ಜೈಲಿನ ಪುಸ್ತಕ ಬಂದದ್ದು 1978ರಲ್ಲಿ. ಅದು ನನಗೆ ಸಿಕ್ಕಿದ್ದು ಕೆಲವು ವರ್ಷ ಕಳೆದು, ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ. ಬೆಂಗಳೂರಿನ ಕನ್ನಡ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿ ಸೇರಿ ಸಂಬಳ ಕಾಣತೊಡಗಿದ್ದ ಕಾಲ ಅದು. ರಾತ್ರಿ ಪಾಳಿ ಮುಗಿಸಿ ಬಂದು ಬೆಳಗಿನ ಜಾವದವರೆಗೂ ಓದಿದೆ.

ತಿಹಾರಿಗೆ ರಾಜಕೀಯ ಕೈದಿಗಳು ಬರುತ್ತಲೇ ಇದ್ದರು. ಇಷ್ಟು ಜನರಿಗೆ ನೀರು ಹೊರಲು, ಪಾತ್ರೆ ತೊಳೆಯಲು ಆಳುಗಳು ಸಾಲದಾದರು. ಅದಕ್ಕೆ ವ್ಯವಸ್ಥೆ ಕಂಡುಕೊಂಡಿದ್ದ ಪರಿಹಾರವೆಂದರೆ ಬೀದಿಯಲ್ಲಿ ತಿರುಗುವ ಬಡ ಹುಡುಗರನ್ನು ಪೊಲೀಸರು ಹಿಡಿದು ತಂದು ಒಳಗೆ ಹಾಕುವುದು. ಅವರ ಮೇಲೆ ಹೇಳಿಕೊಳ್ಳುವಂಥ ಆರೋಪವಿಲ್ಲ, ಕೇಳುವ ವಕೀಲರಿಲ್ಲ. ಎಷ್ಟೋ ಹುಡುಗರ ಮನೆಯವರಿಗೆ ಮಗ ಎಲ್ಲಿದ್ದಾನೆ ಎಂಬುದೇ ತಿಳಿಯದು. ಪ್ರಜಾಪ್ರಭುತ್ವಕ್ಕಾಗಿ ಜೈಲಿಗೆ ಬಂದ ಗಣ್ಯರ ಚಾಕರಿಗೆಂದು ಮಕ್ಕಳ ಸ್ವಾತಂತ್ರ್ಯವನ್ನೇ ಕಸಿದುಕೊಂಡಿದ್ದರು. ಇದನ್ನು ಅಲ್ಲಿದ್ದ ಎಷ್ಟೋ ಮಂದಿ ಕಂಡಿರಬೇಕು. ನಯ್ಯರ್ ಮಾತ್ರ ಆ ಹುಡುಗರನ್ನು ಕೂರಿಸಿಕೊಂಡು ಕೇಳಿದರು, ಬರೆದರು. ಪತ್ರಿಕಾ ಸ್ವಾತಂತ್ರ್ಯಕ್ಕಾಗಿ ಒಳಗೆ ಹೋದ ಮನುಷ್ಯ ತನ್ನ ನೋವನ್ನೇ ಪುಟಗಟ್ಟಲೆ ಹೇಳಿಕೊಳ್ಳಬಹುದಿತ್ತು. ಅವರ ಪುಸ್ತಕದಲ್ಲಿ ನನ್ನನ್ನು ಅಲ್ಲಾಡಿಸಿದ್ದು ಆ ಹುಡುಗರ ಪುಟಗಳು.

ಪತ್ರಕರ್ತ, ಮಾನವ ಹಕ್ಕುಗಳ ಹೋರಾಟಗಾರ ಎಂದು ಅವರ ಹೆಸರಿನ ಹಿಂದೆ ಎರಡು ವಿಶೇಷಣ ಸೇರಿಸುವುದು ರೂಢಿ. ಅವೆರಡೂ ಬೇರೆ ಬೇರೆ ಕಸುಬುಗಳು ಎಂದು ನನಗೆ ಅಂದಿನಿಂದ ಅನಿಸಿಲ್ಲ. ಡೆಸ್ಕಿನಲ್ಲಿ ಕಳೆದ ಮೂರು ದಶಕಗಳಿಗೂ ಮೀರಿದ ಬದುಕು ಆ ನಂಬಿಕೆಯನ್ನು ಗಟ್ಟಿ ಮಾಡಿದೆಯೇ ಹೊರತು ಸಡಿಲಿಸಿಲ್ಲ.

1975ರ ಜೂನ್‌ನಲ್ಲಿ ನಾನು ತುಮಕೂರಿನಲ್ಲಿ ಕಾಲೇಜು ವಿದ್ಯಾರ್ಥಿ. ತುರ್ತುಪರಿಸ್ಥಿತಿ ಎಂದರೇನು ಎಂದು ನಮಗೆ ಯಾರೂ ವಿವರಿಸಲಿಲ್ಲ. ಬೆಂಗಳೂರಿನ ಬಸ್ಸಿನಲ್ಲಿ ಬರುತ್ತಿದ್ದ ಪತ್ರಿಕೆಗಳು ಒಂದೇ ಸಮನೆ ಸಪ್ಪೆಯಾದವು. ರೈಲುಗಳು ಹೊತ್ತಿಗೆ ಸರಿಯಾಗಿ ಓಡುತ್ತಿವೆ, ಇಪ್ಪತ್ತು ಅಂಶಗಳ ಕಾರ್ಯಕ್ರಮ ಜಯಭೇರಿ ಬಾರಿಸುತ್ತಿದೆ ಎಂಬ ಸುದ್ದಿಗಳೇ. ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದ ಮೇಷ್ಟ್ರೊಬ್ಬರು ಒಂದು ದಿನ ಕಾಣದಾದರು. ಸಮಾಜವಾದಿ ಗೆಳೆಯರ ಜೊತೆ ಓಡಾಡುತ್ತಿದ್ದವರು, ಸಂಜೆ ಹೊತ್ತು ಜಗಲಿಯಲ್ಲಿ ಕೂತು ನಮಗೆ ಲೋಹಿಯಾ ವಿಷಯ ಹೇಳುತ್ತಿದ್ದವರು. ಅವರ ಹೆಂಡತಿ ನಮ್ಮಮ್ಮನ ಹತ್ತಿರ ಬಂದು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಅತ್ತರು. ಊರಲ್ಲಿ ಎಲ್ಲರಿಗೂ ವಿಷಯ ಗೊತ್ತಿತ್ತು, ಪತ್ರಿಕೆಯಲ್ಲಿ ಒಂದಕ್ಷರವೂ ಬರಲಿಲ್ಲ. ನಮ್ಮಪ್ಪ ದಿನಾ ಪೇಪರನ್ನು ಕೊನೇ ಪುಟದವರೆಗೆ ಓದಿ, ಮಡಚಿ, ಏನೂ ಹೇಳದೆ ಎದ್ದು ಹೋಗುತ್ತಿದ್ದರು. ಮೇಷ್ಟ್ರ ಹೆಸರು ಸುದ್ದಿಯಲ್ಲಿ ಇಲ್ಲ ಅಂದಮೇಲೆ ಅವರು ಬಂಧನದಲ್ಲೇ ಇಲ್ಲ ಎಂಬಂತೆ ಊರು ನಡೆದುಕೊಂಡಿತು. ಸುದ್ದಿಯಾಗದ ಮನುಷ್ಯನನ್ನು ಏನು ಬೇಕಾದರೂ ಮಾಡಬಹುದು ಎಂಬುದು ನನಗೆ ಗೊತ್ತಾದದ್ದು ಹಾಗೆ. ಅದನ್ನು ಹೇಳಿಕೊಡಲು ಯಾವ ಪುಸ್ತಕವೂ ಬೇಕಾಗಲಿಲ್ಲ.

ಅದೇ ದಿನಗಳಲ್ಲಿ ದೆಹಲಿಯಲ್ಲಿ ನಡೆದದ್ದನ್ನು ಆಮೇಲೆ ತಿಳಿದುಕೊಂಡೆ. ಜೂನ್ 25ರ ರಾತ್ರಿ ಬಹದ್ದೂರ್ ಷಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳಿಗೆ ಕರೆಂಟು ಕಡಿದರು. ಜೂನ್ 28ರಂದು ಪ್ರೆಸ್ ಕ್ಲಬ್‌ನಲ್ಲಿ 103 ಪತ್ರಕರ್ತರು ಸೇರಿ ಸೆನ್ಸಾರ್‌ಶಿಪ್ ಖಂಡಿಸುವ ನಿರ್ಣಯಕ್ಕೆ ಸಹಿ ಹಾಕಿದರು. ಅವರನ್ನು ಕಲೆಹಾಕಿದವರು ಆಗ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿದ್ದ ನಯ್ಯರ್. ಮುಂದೆ ಭಯ ಎಷ್ಟು ಬೇಗ ಹಬ್ಬಿತೆಂದರೆ ಜುಲೈ 24ರಂದು ಅವರನ್ನು ಆಂತರಿಕ ಭದ್ರತಾ ಕಾಯ್ದೆ ‘ಮೀಸಾ’ ಅಡಿ ಬಂಧಿಸಿದಾಗ ಆ ಸಹಿದಾರರಲ್ಲಿ ಬಹುಪಾಲು ಜನ ಸುಮ್ಮನಿದ್ದರು. ಅವರನ್ನು ನಾನು ದೂರುವುದಿಲ್ಲ. ಹೆಂಡತಿ ಮಕ್ಕಳಿರುವ ಸಂಬಳದ ಮನುಷ್ಯನಿಗೆ ಭಯ ಹೇಗೆ ಒಳಗಿಳಿಯುತ್ತದೆ ಎಂದು ಡೆಸ್ಕಿನಲ್ಲಿ ಕೂತವನಿಗೆ ಬೇರೆಯವರು ಹೇಳಬೇಕಿಲ್ಲ. ಆದರೆ ಆ ಪಟ್ಟಿಯ ಬಗ್ಗೆ ನನಗೆ ಗೌರವವಿದೆ. ಆ ಒಂದು ದಿನದ ಮಟ್ಟಿಗಾದರೂ 103 ಜನರಿಗೆ ತಮ್ಮ ಕಸುಬು ಏನೆಂಬುದು ಸ್ಪಷ್ಟವಿತ್ತು.

ಅವರ ಬಂಧನದ ಮುಂದಿನ ಭಾಗ ನ್ಯಾಯಾಲಯದ ಚರಿತ್ರೆಗೆ ಸೇರಿದ್ದು. ಹೆಂಡತಿ ಭಾರತಿ ನಯ್ಯರ್ ದೆಹಲಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಆ ಮನೆಯ ಪರಿಸ್ಥಿತಿ ನೆನೆಸಿಕೊಂಡರೆ ಸಂಕಟವಾಗುತ್ತದೆ: ಗಂಡ ಜೈಲಿನಲ್ಲಿ, ತಂದೆ ಭೀಮಸೇನ್ ಸಾಚಾರ್, ಪಂಜಾಬಿನ ಮಾಜಿ ಮುಖ್ಯಮಂತ್ರಿ, ಎಂಬತ್ತರ ವಯಸ್ಸಿನಲ್ಲಿ ಪ್ರಧಾನಿಗೆ ಕಾಗದ ಬರೆದ ತಪ್ಪಿಗೆ ಅವರೂ ಒಳಗೆ, ಸಹೋದರ ರಾಜಿಂದರ್ ಸಾಚಾರ್ ನ್ಯಾಯಾಧೀಶರು, ಅವರಿಗೆ ದೂರದೂರಿಗೆ ವರ್ಗ. ನಯ್ಯರ್ ಪರ ವಿ.ಎಂ. ತಾರ್ಕುಂಡೆ ವಾದಿಸಿದರು. ನ್ಯಾಯಮೂರ್ತಿ ಎಸ್. ರಂಗರಾಜನ್ ಮತ್ತು ಆರ್.ಎನ್. ಅಗರ್‌ವಾಲ್ ಅವರ ಪ್ರಶ್ನೆಗಳ ಧಾಟಿ ನೋಡಿ ಸರ್ಕಾರ ತೀರ್ಪಿಗೆ ಮೊದಲೇ ಬಂದಿಯನ್ನು ಬಿಟ್ಟುಬಿಟ್ಟಿತು. ಬಿಟ್ಟಾಯಿತಲ್ಲ, ಇನ್ನು ತೀರ್ಪಿನ ಅಗತ್ಯವಿಲ್ಲ ಎಂದು ವಾದಿಸಿತು. ಆ ಇಬ್ಬರೂ ಒಪ್ಪಲಿಲ್ಲ. 1975ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟೇ ಕೊಟ್ಟರು, ಬಂಧನ ಕಾನೂನುಬಾಹಿರ ಎಂದರು. ರಂಗರಾಜನ್ ಅವರನ್ನು ಗುವಾಹಟಿಗೆ ಕಳಿಸಲಾಯಿತು, ಅಗರ್‌ವಾಲ್ ಮತ್ತೆ ಸೆಷನ್ಸ್ ನ್ಯಾಯಾಧೀಶರಾದರು. ಮರುವರ್ಷ ಏಪ್ರಿಲ್‌ನಲ್ಲಿ ಇಂಥದೇ ಬಂಧನಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಕೈಚೆಲ್ಲಿದ್ದನ್ನು ನೋಡಿದರೆ, ಕೆಳಗಿನ ಕೋರ್ಟಿನ ಈ ಇಬ್ಬರ ಧೈರ್ಯ ಎಷ್ಟು ದೊಡ್ಡದೆಂದು ಅರ್ಥವಾಗುತ್ತದೆ. ಇವರ ಹೆಸರುಗಳನ್ನು ನಮ್ಮ ಶಾಲೆಗಳಲ್ಲಿ ಯಾಕೆ ಹೇಳಿಕೊಡುವುದಿಲ್ಲವೋ.

ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇವರನ್ನು ಇಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದ್ದು. ಆಮೇಲೆ ಅದೇ ಜೈಲಿಗೆ ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನಾಡಿಗೆ ಪರಿಚಿತರಾಗಿದ್ದ ಸ್ನೇಹಲತಾ ರೆಡ್ಡಿಯವರನ್ನು ತಂದರು. ಆಸ್ತಮಾ ಇದ್ದ ಹೆಣ್ಣುಮಗಳು. ಸುಮಾರು ಎಂಟು ತಿಂಗಳು ಒಳಗಿಟ್ಟು, ಉಸಿರಾಡಲಾಗದ ಸ್ಥಿತಿಗೆ ಬಂದಮೇಲೆ 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. 20ರಂದು ತೀರಿಕೊಂಡರು. ಅವರೂ ಒಳಗಿದ್ದಾಗ ತಮ್ಮ ಕಾಯಿಲೆಯನ್ನು ಪಕ್ಕಕ್ಕಿಟ್ಟು, ಹೆಸರಿಲ್ಲದ ಬಡ ಹೆಣ್ಣು ಕೈದಿಗಳನ್ನು ಹೊಡೆಯುವುದರ ವಿರುದ್ಧ ದನಿ ಎತ್ತಿದ್ದರು. ಇಂದು ಆ ಜಾಗ ಫ್ರೀಡಂ ಪಾರ್ಕ್. ಅಲ್ಲಿ ಧರಣಿ ಕೂತ ಅಂಗನವಾಡಿ ಕಾರ್ಯಕರ್ತೆಯರ ಸುದ್ದಿ ತಿದ್ದುವಾಗಲೆಲ್ಲ ನನಗೆ ಸ್ನೇಹಲತಾ ಅವರ ನೆನಪಾಗುತ್ತಿತ್ತು.

ನಯ್ಯರ್ ಅವರನ್ನು ನಾನು ಒಮ್ಮೆಯೂ ಭೇಟಿಯಾಗಲಿಲ್ಲ. ನನಗೆ ಗೊತ್ತಿದ್ದದ್ದು ಅವರ ಪುಟಗಳು. ಅವರ ವಾರದ ಅಂಕಣ ಹದಿನಾಲ್ಕು ಭಾಷೆಗಳಲ್ಲಿ ಎಂಬತ್ತಕ್ಕೂ ಹೆಚ್ಚು ಪತ್ರಿಕೆಗಳಿಗೆ ಹೋಗುತ್ತಿತ್ತು. ನಮ್ಮ ಪತ್ರಿಕೆ ಅದನ್ನು ಹಾಕುತ್ತಿದ್ದ ವರ್ಷಗಳಲ್ಲಿ ಕನ್ನಡಕ್ಕೆ ತರುವ ಕೆಲಸ ಬಹುಮಟ್ಟಿಗೆ ನನ್ನ ಪಾಲಿಗೆ ಬರುತ್ತಿತ್ತು. ಮೊದಮೊದಲು ಅಂಚೆಯಲ್ಲಿ, ಆಮೇಲೆ ಫ್ಯಾಕ್ಸಿನಲ್ಲಿ, ಕೊನೆಗೆ ಇ-ಮೇಲಿನಲ್ಲಿ. ಅಂಕಣ ತಡವಾಗಿ ಬಂದ ದಿನ ಪುಟ ಕಟ್ಟುವವರು ಹಿಂದೆಯೇ ನಿಂತಿರುತ್ತಿದ್ದರು. ಒಬ್ಬನ ಬರಹವನ್ನು ವಾರ ವಾರ ವರ್ಷಗಟ್ಟಲೆ ಕೈಯಾರೆ ಬರೆದು ಇಳಿಸುತ್ತಾ ಹೋದರೆ ಅವನ ಬಲವೂ ಗೊತ್ತಾಗುತ್ತದೆ, ಬಲಹೀನತೆಯೂ ಗೊತ್ತಾಗುತ್ತದೆ.

ಬಲಹೀನತೆ ಮೊದಲು ಹೇಳಿಬಿಡುತ್ತೇನೆ. ಹೇಳಿದ್ದನ್ನೇ ಹೇಳುತ್ತಿದ್ದರು. ನೆಹರೂ ಕಾಲದ ದೆಹಲಿ, ಶಾಸ್ತ್ರಿಯವರ ಸರಳತೆ, ಅವರು ತೀರಿಕೊಂಡ ತಾಷ್ಕೆಂಟಿನ ಆ ರಾತ್ರಿ ಇವು ವರ್ಷಕ್ಕೆ ಎರಡು ಸಲವಾದರೂ ಬರುತ್ತಿದ್ದವು. ತಾಷ್ಕೆಂಟಿನ ರಾತ್ರಿ ಯಾರಿಗಾದರೂ ಮರೆಯುವಂಥದ್ದಲ್ಲ, ನಿಜ. 1966ರ ಜನವರಿ 10ರ ನಡುರಾತ್ರಿ ಕಳೆದಮೇಲೆ ರಷ್ಯನ್ ಮಹಿಳೆಯೊಬ್ಬಳು ಬಾಗಿಲು ತಟ್ಟಿ ನಿಮ್ಮ ಪ್ರಧಾನಿ ಸಾಯುತ್ತಿದ್ದಾರೆ ಎಂದು ಎಬ್ಬಿಸಿದ್ದು, ವರಾಂಡದಲ್ಲಿ ನಿಂತಿದ್ದ ಸೋವಿಯತ್ ಪ್ರಧಾನಿ ಕೊಸಿಗಿನ್ ಎರಡೂ ಕೈಯೆತ್ತಿ ಎಲ್ಲ ಮುಗಿಯಿತೆಂದು ಸನ್ನೆ ಮಾಡಿದ್ದು ಇವನ್ನೆಲ್ಲ ಕಣ್ಣಾರೆ ಕಂಡವರು ಅವರು. ಆದರೂ ಕೆಲವು ವಾರಗಳಲ್ಲಿ ಹಳೆಯ ನೆನಪು ಇಂದಿನ ಪ್ರಶ್ನೆಯನ್ನು ನುಂಗಿಬಿಡುತ್ತಿತ್ತು. ಅಧಿಕಾರದ ಹತ್ತಿರ ಬಹಳ ಕಾಲ ಇದ್ದವರು. ಗೋವಿಂದ ವಲ್ಲಭ ಪಂತರಿಗೂ ಶಾಸ್ತ್ರಿಯವರಿಗೂ ಸರ್ಕಾರದ ಮಾಹಿತಿ ಅಧಿಕಾರಿಯಾಗಿ ದುಡಿದವರು. ನೆಹರೂ ತೀರಿಕೊಂಡ ಹೊಸತರಲ್ಲಿ, 1964ರಲ್ಲಿ, ಯುಎನ್‌ಐ ಸುದ್ದಿಸಂಸ್ಥೆಗೆ ಅವರು ಕೊಟ್ಟ ಸುದ್ದಿ ಮೊರಾರ್ಜಿ ದೇಸಾಯಿ ಆಗಲೇ ಪ್ರಧಾನಿ ಪಟ್ಟಕ್ಕೆ ಕಣಕ್ಕಿಳಿದಿದ್ದಾರೆ ಎಂಬರ್ಥದ್ದು. ಅದರಿಂದ ಮೊರಾರ್ಜಿಗೆ ಬಹಳ ನಷ್ಟವಾಯಿತೆಂದು ಆ ಪಾಳಯ ನಂಬಿತ್ತು. ಆಗಿನ ಕಾಂಗ್ರೆಸ್ ಅಧ್ಯಕ್ಷ ಕಾಮರಾಜ್ ನಯ್ಯರ್ ಕಿವಿಯಲ್ಲಿ ಧನ್ಯವಾದ ಹೇಳಿದರಂತೆ. ಇದನ್ನು ನಯ್ಯರ್ ಮುಚ್ಚಿಡಲಿಲ್ಲ, ತಮ್ಮ ಆತ್ಮಕಥೆಯಲ್ಲೇ ಬರೆದರು. ಸುದ್ದಿ ಸುಳ್ಳಾಗಿರದಿರಬಹುದು. ಆದರೆ ಯಾರ ಜೊತೆ ಮೊನ್ನೆಯವರೆಗೆ ಕೆಲಸ ಮಾಡಿದೆವೋ ಅವರಿಗೆ ಲಾಭವಾಗುವ ಸುದ್ದಿಯನ್ನು ಪತ್ರಕರ್ತ ಎರಡು ಸಲ ತೂಗಬೇಕು ಎಂದೇ ನನ್ನ ಅಭಿಪ್ರಾಯ.

ಇನ್ನು ಅವರ ಬಲ. ಅವರಿಗೆ ದ್ವೇಷ ಮಾಡಲು ಬರುತ್ತಿರಲಿಲ್ಲ.

ದ್ವೇಷಿಸಲು ಎಲ್ಲ ಕಾರಣವೂ ಅವರಿಗಿತ್ತು. 1923ರ ಆಗಸ್ಟ್ 14ರಂದು ಸಿಯಾಲ್‌ಕೋಟ್‌ನಲ್ಲಿ ಹುಟ್ಟಿದವರು. ತಂದೆ ಊರಿಗೆ ಬೇಕಾದ ವೈದ್ಯರು. ಮನೆಯ ಹಿತ್ತಲಲ್ಲಿ ಒಬ್ಬ ಪೀರ್‌ಸಾಹೇಬರ ಗೋರಿ, ಅದಕ್ಕೆ ಮನೆಯವರೆಲ್ಲ ನಡೆದುಕೊಳ್ಳುತ್ತಿದ್ದರು. ಲಾಹೋರಿನ ಲಾ ಕಾಲೇಜಿನಲ್ಲಿ ಓದುವಾಗ ಜಿನ್ನಾ ಭಾಷಣಕ್ಕೆ ಬಂದರೆ ಎದ್ದು ನಿಂತು, ಬ್ರಿಟಿಷರು ಹೋದಮೇಲೆ ಹಿಂದೂ ಮುಸ್ಲಿಮರು ಹೊಡೆದಾಡಿಕೊಳ್ಳುವುದಿಲ್ಲವೇ ಎಂದು ಪ್ರಶ್ನೆ ಕೇಳಿದ ಹುಡುಗ. ಉತ್ತರವಾಗಿ ಜಿನ್ನಾ, ಎರಡೂ ದೇಶ ಒಳ್ಳೆಯ ಗೆಳೆಯರಾಗುತ್ತವೆ ಎಂದರಂತೆ. 1947ರ ಸೆಪ್ಟೆಂಬರಿನಲ್ಲಿ ಆ ಹುಡುಗ ಸೇನಾಧಿಕಾರಿಯೊಬ್ಬರ ಜೀಪಿನಲ್ಲಿ ಕೂತು ಗಡಿ ದಾಟಿದ. ದಾರಿಯ ತುಂಬ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆಯುತ್ತಿದ್ದ ಜನ. ಒಬ್ಬ ಮುದುಕ ಸರ್ದಾರ್ಜಿ ಜೀಪಿನ ಬಳಿ ಬಂದು, ತನ್ನ ಮೊಮ್ಮಗನನ್ನಾದರೂ ಭಾರತಕ್ಕೆ ಕರೆದುಕೊಂಡು ಹೋಗಿ ಎಂದು ಅಂಗಲಾಚಿದ. ಒಯ್ಯಲಾಗಲಿಲ್ಲ. ಆ ಮುಖವನ್ನು ನಯ್ಯರ್ ಕೊನೆಯವರೆಗೂ ಬರೆಯುತ್ತಲೇ ಇದ್ದರು. ತಾನು ಪಟ್ಟ ಪಾಡು ಎದುರು ದಿಕ್ಕಿನಿಂದ ಬರುತ್ತಿದ್ದ ಮುಸಲ್ಮಾನನೂ ಪಟ್ಟ ಪಾಡೇ ಎಂಬುದನ್ನು ಆ ರಸ್ತೆಯಲ್ಲೇ ಕಂಡುಕೊಂಡೆ ಎನ್ನುತ್ತಿದ್ದರು.

ದೆಹಲಿಗೆ ಬಂದು ‘ಅಂಜಾಮ್’ ಎಂಬ ಉರ್ದು ಪತ್ರಿಕೆ ಸೇರಿದರು. ವಕೀಲಿ ಓದಿದ್ದವರು ಹೊಟ್ಟೆಪಾಡಿಗೆ ಹಿಡಿದ ಕೆಲಸ ಅದು. ಗಾಂಧಿ ಹತ್ಯೆಯಾದ 1948ರ ಜನವರಿ 30ರ ಸಂಜೆ ಬಿರ್ಲಾ ಹೌಸ್‌ಗೆ ಓಡಿದ ವರದಿಗಾರರಲ್ಲಿ ಅವರೂ ಒಬ್ಬರು. ಉರ್ದುವಿಗೆ ಇಲ್ಲಿ ಭವಿಷ್ಯವಿಲ್ಲ, ಇಂಗ್ಲಿಷಿಗೆ ಹೋಗು ಎಂದು ಕವಿ ಹಸರತ್ ಮೊಹಾನಿ ಹೇಳಿದ್ದರಂತೆ. ಹೋದರು. ಆದರೆ ತಿಹಾರಿನಲ್ಲಿದ್ದಾಗ ಕನಸಿಗೆ ಬಂದದ್ದು ಹಿತ್ತಲಿನ ಆ ಪೀರ್‌ಸಾಹೇಬರೇ. ಮುಂದಿನ ಗುರುವಾರ ಬಿಡುಗಡೆಯಾಗುತ್ತದೆ ಎಂದು ಅವರು ಹೇಳಿದಂತೆ, ಹಾಗೇ ಆದಂತೆ ನಯ್ಯರ್ ಬರೆದುಕೊಂಡಿದ್ದಾರೆ. ಇದನ್ನು ಕನ್ನಡಕ್ಕೆ ತಂದ ದಿನ ಪ್ರೂಫ್ ನೋಡುವ ನಮ್ಮ ಹಿರಿಯರೊಬ್ಬರು, ಬಾಬಾಬುಡನ್‌ಗಿರಿಯ ಪಕ್ಕದ ಊರಿನವರು, ಗ್ಯಾಲಿ ಕೆಳಗಿಟ್ಟು ಬಹಳ ಹೊತ್ತು ತಮ್ಮ ಮನೆಯ ಉರುಸಿನ ಹರಕೆಗಳ ಬಗ್ಗೆ ಮಾತಾಡಿದರು.

ಪಾಕಿಸ್ತಾನದ ಬಗ್ಗೆ ಅವರು ಬರೆದ ವಾರ ಓದುಗರ ಪತ್ರಗಳ ಚೀಲ ಭಾರವಾಗಿರುತ್ತಿತ್ತು. ಬೈಗುಳವೇ ಹೆಚ್ಚು. ಇವರನ್ನು ಅಲ್ಲಿಗೇ ಕಳಿಸಿ ಎಂದು ಪೋಸ್ಟ್‌ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದವರಿದ್ದರು. ಕಾರ್ಗಿಲ್ ಯುದ್ಧದ ಸಮಯದಲ್ಲಂತೂ ಅಂಕಣ ನಿಲ್ಲಿಸಿ ಎಂಬ ಒತ್ತಾಯ ಬಂತು. ಆದರೆ ಅವರು ಪಾಕಿಸ್ತಾನದ ವಿಷಯದಲ್ಲಿ ಮೆದುವಾಗಿದ್ದ ಮನುಷ್ಯ ಎನ್ನುವುದು ಪೂರ್ತಿ ನಿಜವಲ್ಲ. ಪಾಕಿಸ್ತಾನದ ಬಳಿ ಅಣುಬಾಂಬ್ ಇದೆ ಎಂಬುದನ್ನು ಅಲ್ಲಿನ ಅಣು ವಿಜ್ಞಾನಿ ಎ.ಕ್ಯೂ. ಖಾನ್ ಬಾಯಿಂದಲೇ ಹೊರಡಿಸಿ 1987ರ ಮಾರ್ಚ್‌ನಲ್ಲಿ ಲಂಡನ್ನಿನ ‘ಅಬ್ಸರ್ವರ್’ ಮೂಲಕ ಜಗತ್ತಿಗೆ ತಿಳಿಸಿದವರು ಅವರೇ. ಕೆಲಸದಲ್ಲಿ ಇಷ್ಟು ಖಡಾಖಂಡಿ. ಆದರೆ ಪ್ರತಿ ವರ್ಷ ಆಗಸ್ಟ್ 14ರ ನಡುರಾತ್ರಿ, ಅಂದರೆ ತಮ್ಮ ಹುಟ್ಟುಹಬ್ಬ ಮುಗಿಯುವ ಹೊತ್ತಿಗೆ, ವಾಘಾ ಗಡಿಯಲ್ಲಿ ಮೇಣದಬತ್ತಿ ಹಿಡಿದು ನಿಲ್ಲುತ್ತಿದ್ದರು. ಶುರುವಿನಲ್ಲಿ ಜೊತೆಗಿದ್ದವರು ಬೆರಳೆಣಿಕೆಯ ಜನ. ಆ ಕಡೆಯಿಂದ ವಕೀಲೆ ಅಸ್ಮಾ ಜಹಾಂಗೀರ್, ಐ.ಎ. ರೆಹಮಾನ್‌ರಂಥವರು ಅದೇ ಕೆಲಸಕ್ಕೆ ಕೈಜೋಡಿಸಿದರು. ರೆಹಮಾನ್ ಕೂಡ ಪತ್ರಕರ್ತರು, ದಶಕಗಳ ಕಾಲ ಪಾಕಿಸ್ತಾನದ ಮಾನವ ಹಕ್ಕುಗಳ ಆಯೋಗಕ್ಕೆ ದುಡಿದವರು. ಇಬ್ಬರ ದಾರಿಯೂ ಸುದ್ದಿಮನೆಯಿಂದಲೇ ಹೊರಟಿತ್ತೆಂಬುದು ನನಗೆ ಆಕಸ್ಮಿಕ ಅನಿಸುವುದಿಲ್ಲ. ಎರಡೂ ದೇಶದ ಜೈಲುಗಳಲ್ಲಿ ಗಡಿ ತಪ್ಪಿ ಬಂದ ಮೀನುಗಾರರು, ದನ ಕಾಯುವವರು ಶಿಕ್ಷೆ ಮುಗಿದಮೇಲೂ ಕೂತಿರುತ್ತಾರೆ. ಅಂಥವರ ಪರವಾಗಿ ಕೇಳಲು ಯಾವ ಪಕ್ಷಕ್ಕೂ ಓಟಿನ ಆಸೆಯಿಲ್ಲ. ಕೇಳಿದವರು ಇಂಥವರು.

ಈಗ ನನ್ನ ಡೆಸ್ಕಿನ ಒಂದು ಸಂಗತಿ. ತೊಂಬತ್ತರ ದಶಕದ ನಡುವೆ. ತಾಲ್ಲೂಕೊಂದರ ವರದಿಗಾರ ಕಳಿಸಿದ ನಾಲ್ಕು ಸಾಲು: ಕಳವು ಪ್ರಕರಣದಲ್ಲಿ ವಿಚಾರಣೆಗೆ ಕರೆತಂದಿದ್ದ ವ್ಯಕ್ತಿಯೊಬ್ಬ ಅಸ್ವಸ್ಥನಾಗಿ ಆಸ್ಪತ್ರೆಗೆ ಸಾಗಿಸುವಾಗ ಮೃತಪಟ್ಟನೆಂದು ಪೊಲೀಸ್ ಮೂಲಗಳು ತಿಳಿಸಿವೆ. ಇಂಥ ಸುದ್ದಿ ಒಳಪುಟದ ಮೂಲೆಯಲ್ಲಿ, ಎಮ್ಮೆ ಸಂತೆಯ ಸುದ್ದಿಯ ಕೆಳಗೆ ಕೂರುತ್ತಿತ್ತು. ಆ ವಾರ ನಾನು ನಯ್ಯರ್ ಅಂಕಣವೊಂದನ್ನು ಮುಗಿಸಿದ್ದೆ, ತಿಹಾರಿನ ಹುಡುಗರು ಮತ್ತೆ ತಲೆಯಲ್ಲಿದ್ದರು. ವರದಿಗಾರನಿಗೆ ಫೋನ್ ಮಾಡಿಸಿದೆ.

“ಸತ್ತವನ ಹೆಸರೇನಯ್ಯಾ?”

“ಸ್ಟೇಷನ್ನಿನವರು ಕೊಡಲಿಲ್ಲ ಸಾರ್.”

“ಸ್ಟೇಷನ್ನಿನವರನ್ನ ಯಾಕೆ ಕೇಳ್ತೀಯ? ಅವನಿಗೊಂದು ಮನೆ ಇರುತ್ತೆ. ನಾಳೆ ಹೋಗಿ ಹೆಸರು ಬರೆದುಕೊಂಡು ಬಾ.”

ಹೋದ. ಊರಾಚೆಯ ಕೇರಿಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಬೆಳಗ್ಗೆ ಕರೆತಂದೆವು ಎಂದು ಠಾಣೆಯವರು ಹೇಳಿದ್ದರೆ, ಅವನನ್ನು ಒಯ್ದು ನಾಲ್ಕು ರಾತ್ರಿಯಾಗಿತ್ತು ಎಂದು ಕೇರಿಯವರು ಹೇಳಿದರು. ಎರಡನೇ ದಿನ ಊಟ ಕೊಡಲು ಹೋದ ಹೆಂಡತಿಗೆ ಅವನು ಲಾಕಪ್ಪಿನಿಂದ ಕೂಗಿದ್ದು ಕೇಳಿಸಿತ್ತು. ಇಷ್ಟೂ ಬಂತು. ಹೆಸರು, ವಯಸ್ಸು, ಊರು, ಒಯ್ದ ದಿನ ಎಲ್ಲ ಹಾಕಿ ಮೂರು ಕಾಲಂ ಮಾಡಿದೆವು. ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಿತು, ಕೆಲವರ ಅಮಾನತ್ತಾಯಿತು, ಆ ಹೆಣ್ಣುಮಗಳಿಗೆ ಸ್ವಲ್ಪ ಪರಿಹಾರ ಬಂತು. ಶಿಕ್ಷೆ ಯಾರಿಗೂ ಆಗಲಿಲ್ಲ. ಅವನ ಹೆಸರನ್ನು ಇಲ್ಲಿ ಮತ್ತೆ ಬರೆಯುತ್ತಿಲ್ಲ. ಆ ಮಕ್ಕಳು ಈಗ ತಮ್ಮದೇ ಬದುಕು ಕಟ್ಟಿಕೊಂಡಿದ್ದಾರೆ, ಅದಕ್ಕೆ ಅಪ್ಪನ ಸಾವಿನ ಗುರುತು ಅಂಟಬೇಕಿಲ್ಲ. ಅಂದು ಅದು ಅಚ್ಚಾಗಬೇಕಿತ್ತು, ಅಚ್ಚಾಯಿತು.

ಈ ದೇಶದಲ್ಲಿ ಹಕ್ಕುಗಳ ದೊಡ್ಡ ತೀರ್ಪುಗಳು ಎಲ್ಲಿಂದ ಬಂದವು ಎಂದು ಹುಡುಕಿದರೆ ಇಂಥ ಸಣ್ಣ ಸುದ್ದಿಗಳೇ ಸಿಗುತ್ತವೆ. 1979ರ ಜನವರಿಯಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಬಿಹಾರದ ಜೈಲುಗಳ ಬಗ್ಗೆ ಬರಹಗಳು ಬಂದವು. ತಮ್ಮ ಅಪರಾಧಕ್ಕೆ ಸಿಗಬಹುದಾದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ವರ್ಷ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರ ಕಥೆ. ಬರೆದವರು ಕೆ.ಎಫ್. ರುಸ್ತಮ್‌ಜಿ, ಪೊಲೀಸ್ ಇಲಾಖೆಯಲ್ಲೇ ಬದುಕು ಕಳೆದವರು. ಅದನ್ನೋದಿ ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದರು. ಹುಸೈನಾರಾ ಖಾತೂನ್ ಎಂಬ ಕೈದಿಯ ಹೆಸರಿನಲ್ಲಿ ನಿಂತ ಆ ಪ್ರಕರಣದಿಂದಲೇ ಶೀಘ್ರ ವಿಚಾರಣೆ ಪ್ರತಿಯೊಬ್ಬರ ಹಕ್ಕು ಎಂದಾಯಿತು, ಸಾವಿರಾರು ಜನ ಹೊರಬಂದರು. 1986ರಲ್ಲಿ ಕಲ್ಕತ್ತೆಯ ಪತ್ರಿಕೆಗಳಲ್ಲಿ ಬಂದ ಲಾಕಪ್ ಸಾವುಗಳ ವರದಿಗಳನ್ನು ಲಗತ್ತಿಸಿ ಡಿ.ಕೆ. ಬಸು ಎಂಬುವರು ಮುಖ್ಯ ನ್ಯಾಯಮೂರ್ತಿಗೆ ಒಂದು ಕಾಗದ ಬರೆದರು. ಹತ್ತು ವರ್ಷದ ನಂತರ, 1996ರ ಡಿಸೆಂಬರಿನಲ್ಲಿ, ಬಂಧಿಸುವಾಗ ಪೊಲೀಸರು ಪಾಲಿಸಬೇಕಾದ ಹನ್ನೊಂದು ನಿಯಮಗಳು ಅದರಿಂದ ಬಂದವು. ಬಂಧಿಸುವ ಅಧಿಕಾರಿ ತನ್ನ ಹೆಸರಿನ ಪಟ್ಟಿ ಹಾಕಿಕೊಂಡಿರಬೇಕು, ಮನೆಯವರಿಗೆ ತಿಳಿಸಬೇಕು, ವೈದ್ಯರಲ್ಲಿ ತಪಾಸಣೆ ಮಾಡಿಸಬೇಕು. ಆ ಹನ್ನೊಂದನ್ನೂ ಒಂದು ಹಾಳೆಯಲ್ಲಿ ಟೈಪ್ ಮಾಡಿಸಿ ನಮ್ಮ ತಾಲ್ಲೂಕು ವರದಿಗಾರರಿಗೆಲ್ಲ ಕಳಿಸಿದ್ದೆ. ಬೆಂಗಳೂರಿಗೆ ಬಂದಾಗ ಕೆಲವರ ಜೇಬಿನಿಂದ ಮಡಿಕೆ ಹರಿದ ಆ ಹಾಳೆ ಹೊರಬರುತ್ತಿತ್ತು. ಪಾಲಿಸದ ಠಾಣೆಗಳೇ ಹೆಚ್ಚೆಂದು ಗೊತ್ತು. ಆದರೆ ಪಾಲಿಸಲಿಲ್ಲ ಎಂದು ಬರೆಯುವುದಕ್ಕೆ ಒಂದು ಅಳತೆಗೋಲು ಸಿಕ್ಕಿತ್ತು.

ನಯ್ಯರ್ ಆಮೇಲೆ 1990ರಲ್ಲಿ ಬ್ರಿಟನ್ನಿಗೆ ಹೈಕಮಿಷನರ್ ಆದರು, 1997ರಿಂದ ಆರು ವರ್ಷ ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದರು. ಈ ಪದವಿಗಳ ಬಗ್ಗೆ ನನಗೆ ಹೆಚ್ಚು ಹೇಳುವುದೇನಿಲ್ಲ. ರಾಜ್ಯಸಭೆ ಚುನಾವಣೆಗೆ ಗುಪ್ತ ಮತದಾನ ತೆಗೆದುಹಾಕಿದ್ದರ ವಿರುದ್ಧ, ಆಯಾ ರಾಜ್ಯದ ನಿವಾಸಿಯೇ ಅಭ್ಯರ್ಥಿಯಾಗಬೇಕೆಂಬ ನಿಯಮ ಕಿತ್ತುಹಾಕಿದ್ದರ ವಿರುದ್ಧ ಅವರು ಸುಪ್ರೀಂ ಕೋರ್ಟಿಗೆ ಹೋದರು, 2006ರಲ್ಲಿ ಸೋತರು. ಎಂಬತ್ತು ದಾಟಿದವರು ಕೋರ್ಟು ಹತ್ತಿ ಸೋತು ಬಂದು ಮರುವಾರ ಮತ್ತೆ ಅಂಕಣ ಕಳಿಸಿದ್ದು ನನಗೆ ಆ ಪದವಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

2017ರ ಸೆಪ್ಟೆಂಬರ್ 5ರ ರಾತ್ರಿ ವಾರಪತ್ರಿಕೆಯ ಸಂಪಾದಕಿ ಗೌರಿ ಲಂಕೇಶರನ್ನು ರಾಜರಾಜೇಶ್ವರಿ ನಗರದ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ನಾನಾಗ ನಿವೃತ್ತನಾಗಿದ್ದೆ. ಒಂದು ವಾರದ ಮೇಲೆ ಸೆಂಟ್ರಲ್ ಕಾಲೇಜು ಮೈದಾನದಲ್ಲಿ ‘ನಾನು ಗೌರಿ’ ಎಂಬ ಪಟ್ಟಿ ಕಟ್ಟಿಕೊಂಡ ಸಾವಿರಾರು ಜನರ ನಡುವೆ ನಿಂತಿದ್ದಾಗ, ಪತ್ರಕರ್ತೆಯೋ ಹೋರಾಟಗಾರ್ತಿಯೋ ಎಂಬ ಚರ್ಚೆ ನಮ್ಮ ವೃತ್ತಿಯವರ ನಡುವೆಯೇ ಶುರುವಾಗಿತ್ತು. ಹೋರಾಟಗಾರ್ತಿಯಾದ ಕಾರಣ ಆಕೆಯ ಪತ್ರಿಕಾವೃತ್ತಿ ಅರೆಬರೆ ಎಂಬ ಧಾಟಿಯ ಮಾತು. ನನಗೆ ತಡೆಯಲಾಗದಷ್ಟು ಸಿಟ್ಟು ಬಂತು. ಕೋಮು ಸೌಹಾರ್ದಕ್ಕಾಗಿ ಬೀದಿಗಿಳಿದದ್ದು, ಕಾಡಿನಲ್ಲಿದ್ದ ನಕ್ಸಲರು ಬಂದೂಕು ಬಿಟ್ಟು ಬರಲೆಂದು ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರ ಜೊತೆ ಓಡಾಡಿದ್ದು, ಇವೆಲ್ಲ ಅವರಿಗೆ ವರದಿಯಿಂದಲೇ ಹುಟ್ಟಿದ ಕೆಲಸ. ಊರಿನ ಕಷ್ಟ ಬರೆದವಳು ಮರುದಿನ ಆ ಊರಿನ ಪರವಾಗಿ ನಿಲ್ಲಬಾರದು ಎಂಬ ನಿಯಮವನ್ನು ಯಾರು ಮಾಡಿದರು? ಬರೆದದ್ದು ನಿಜವೇ, ಅದಕ್ಕೆ ಆಧಾರವಿದೆಯೇ, ಎದುರಿನವನ ಮಾತಿಗೆ ಜಾಗ ಕೊಟ್ಟೆವೇ ಎಂಬುದು ಪತ್ರಕರ್ತರಿಗೆ ಕೇಳಬೇಕಾದ ಪ್ರಶ್ನೆ. ಅದನ್ನು ಗೌರಿಯವರಿಗೂ ಕೇಳಬಹುದು, ನಯ್ಯರ್ ಅವರಿಗೂ ಕೇಳಬಹುದು, ಕೇಳಲೇಬೇಕು. ಅದಾದಮೇಲೆ ಯಾರ ಜೊತೆ ನಿಂತರು ಎಂಬುದು ತಪ್ಪಾಗುವುದಿಲ್ಲ.

ಮರುವರ್ಷ ಆಗಸ್ಟ್ 23ರಂದು ನಯ್ಯರ್ ದೆಹಲಿಯಲ್ಲಿ ತೀರಿಕೊಂಡರು, 95 ವರ್ಷ. ಅದೇ ವರ್ಷದ ಫೆಬ್ರುವರಿಯಲ್ಲಿ ಅಸ್ಮಾ ಜಹಾಂಗೀರ್ ಹೋಗಿದ್ದರು. ಅಕ್ಟೋಬರಿನಲ್ಲಿ ಮೊಮ್ಮಗಳು ತಾತನ ಚಿತಾಭಸ್ಮವನ್ನು ಲಾಹೋರಿಗೆ ಒಯ್ದು ರಾವಿ ನದಿಯಲ್ಲಿ ಬಿಟ್ಟಳೆಂದು ಓದಿದೆ. ಪೋಸ್ಟ್‌ಕಾರ್ಡ್ ಬರೆದು ಬೈದವರಲ್ಲಿ ಒಬ್ಬರಾಗಿದ್ದ, ಆಮೇಲೆ ನನಗೆ ಸ್ನೇಹಿತರೇ ಆಗಿಬಿಟ್ಟ ದಾವಣಗೆರೆಯ ಹಿರಿಯರೊಬ್ಬರು ಅವತ್ತು ಫೋನ್ ಮಾಡಿದ್ದರು. “ಅವರ ಮಾತು ನಾನು ಇವತ್ತಿಗೂ ಒಪ್ಪಲ್ಲ ಕಣ್ರೀ. ಆದ್ರೆ ಅಂಥವರು ಒಬ್ಬರಾದ್ರೂ ಹೇಳ್ತಾ ಇರಬೇಕಾಗಿತ್ತು” ಎಂದರು.

ಈಗ ನಾನು ಆಗಾಗ ಜಿಲ್ಲೆಗಳಿಗೆ ಹೋಗಿ ಹೊಸ ವರದಿಗಾರರ ಜೊತೆ ಒಂದೆರಡು ದಿನ ಕೂತು ಬರುತ್ತೇನೆ. ದೇಶದ ಜೈಲುಗಳಲ್ಲಿ 2022ರ ಕೊನೆಗೆ ಇದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು ಎಂಬ ಸರ್ಕಾರಿ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ನಾಲ್ವರಲ್ಲಿ ಮೂವರಿಗೆ ಆಗ ಇನ್ನೂ ತೀರ್ಪೇ ಆಗಿರಲಿಲ್ಲ. ನಿಮ್ಮ ಊರಿನ ಉಪ ಕಾರಾಗೃಹದಲ್ಲಿ ಎಷ್ಟು ಜನ, ಯಾರು, ಎಂದಿನಿಂದ ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ.

ಹಾಗೆ ಬಂದಿದ್ದ ಉತ್ತರ ಕರ್ನಾಟಕದ ಒಬ್ಬಳು ವರದಿಗಾರ್ತಿ ಈಚೆಗೆ ಫೋನ್ ಮಾಡಿದಳು. “ಸಾರ್, ಜೈಲಿನ ಒಳಗ ಬಿಡವಲ್ರು. ಪರ್ಮಿಷನ್ ಅಂತ ಬೆಂಗಳೂರಿನ ಕಡೆ ತೋರಿಸ್ತಾರ.”

“ಒಳಗೆ ಬಿಡದಿದ್ರೆ ಬೇಡಮ್ಮ. ಕೋರ್ಟು ಎಲ್ಲರಿಗೂ ತೆರೆದಿರುತ್ತೆ. ಕಾಸ್ ಲಿಸ್ಟಿನಲ್ಲಿ ಹೆಸರು ಇರುತ್ತೆ, ಸೆಕ್ಷನ್ನೂ ಗೊತ್ತಾಗುತ್ತೆ. ಈಗ ಕೈದಿಗಳನ್ನು ವಿಡಿಯೊದಲ್ಲೇ ತೋರಿಸಿ ಕಸ್ಟಡಿ ಮುಂದುವರಿಸ್ತಾರೆ, ಆದ್ರೂ ತಾಯಂದಿರು ಕಾರಿಡಾರಿಗೆ ಬಂದೇ ಬರ್ತಾರೆ. ಅವರನ್ನ ಮಾತಾಡಿಸು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಓದಿಕೋ. ಮೊದಲ ಸಲದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ರೆ ಬಿಡಬೇಕು, ಅರ್ಜಿ ಹಾಕೋದು ಜೈಲು ಅಧೀಕ್ಷಕರ ಕರ್ತವ್ಯ. ಮರಣದಂಡನೆ, ಜೀವಾವಧಿ ಇರೋ ಕೇಸಿಗೆ ಅದು ಅನ್ವಯಿಸಲ್ಲ, ಒಂದಕ್ಕಿಂತ ಹೆಚ್ಚು ಕೇಸಿದ್ರೂ ಇಲ್ಲ. ಅದನ್ನ ಮೊದಲೇ ನೋಡಿಕೊಂಡು ಬರಿ. ಆಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳು, ಈ ಪಟ್ಟಿಯಲ್ಲಿ ಯಾರಿಗೆ ವಕೀಲರನ್ನ ಕೊಟ್ಟಿದ್ದೀರಿ ಅಂತ.”

ಅವಳು ಹೋದಳು. ಕೋರ್ಟಿನ ಬೇವಿನ ಮರದ ಕೆಳಗೆ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಪಟ್ಟಿಯ ಫೋಟೊ ತೆಗೆದು ವಾಟ್ಸ್ಆ್ಯಪಿನಲ್ಲಿ ಕಳಿಸಿದಳು. ಅದರಲ್ಲಿ ಇಬ್ಬರ ಅವಧಿ ಮೂರನೇ ಒಂದು ಭಾಗ ದಾಟಿದೆ. ಒಬ್ಬ ಮೋಟರ್ ಪಂಪ್ ಕದ್ದ ಆರೋಪಿ, ವಯಸ್ಸು ಹತ್ತೊಂಬತ್ತು ಎಂದು ದಾಖಲೆಯಲ್ಲಿದೆ. ಅವನ ತಾಯಿ ಹದಿನೇಳು ಎನ್ನುತ್ತಾಳೆ. ಶಾಲೆಯ ದಾಖಲಾತಿ ಪುಸ್ತಕ ನೋಡದೆ ಬರೆಯಬೇಡ ಎಂದಿದ್ದೇನೆ. ಸೋಮವಾರ ಹೆಡ್‌ಮಾಸ್ತರರನ್ನು ಕಾಣಲು ಹೋಗುತ್ತಿದ್ದಾಳೆ.